ಯಾವ ಬೇಜಾರು

ಹಲ್ಲುನೋವು ಎಂದು ಸುಳ್ಳು ಹೇಳಿಕೊಂಡು ನಾನು ಹೆಚ್ಚುಕಡಿಮೆ ಒಂದು ವರ್ಷ ಊರು ಸುತ್ತಿದ್ದೇನೆ. ನನ್ನ ಹಲ್ಲು ಗಟ್ಟಿಯಾಗಿವೆ. ಸಂಕ್ರಾಂತಿಯ ಕಬ್ಬನ್ನು ಈಗಲೂ ಹಲ್ಲಿನಲ್ಲೇ ಸಿಗಿಯುತ್ತೇನೆ. ಆದರೆ ಮೊದಲ ಸಲ ರಾಜಾಜಿನಗರದ ಒಬ್ಬ ಕೌನ್ಸೆಲರ್ ಹತ್ತಿರ ಹೋದಾಗ, ಅದೇ ಕಟ್ಟಡದ ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ ಇತ್ತು. ಮೆಟ್ಟಿಲಲ್ಲಿ ಪರಿಚಯದ ಸೈಟ್ ಬ್ರೋಕರ್ ಎದುರಾದ. "ಏನ್ ಶಿವರಾಮಣ್ಣ, ಈ ಕಡೆ?" ಎಂದ. ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ಆ ಕೈಯನ್ನು ಅಲ್ಲಿಂದ ಇಳಿಸಲು ನನಗೆ ತುಂಬ ಕಾಲ ಬೇಕಾಯಿತು.

ಈಗ ವಾಸಿಯಾಗಿದ್ದೇನೆ. ಪೂರ್ತಿ ಎನ್ನಲಾರೆ. ಮಾತ್ರೆ ಇದೆ, ಆಗಾಗ ಕೆಂಗೇರಿಗೆ ಹೋಗಿ ಬರುವುದೂ ಇದೆ. ಆದರೆ ಬೆಳಿಗ್ಗೆ ಏಳುತ್ತೇನೆ, ಮುದ್ದೆ ಗಂಟಲಲ್ಲಿ ಇಳಿಯುತ್ತದೆ, ನೀರಿನ ವಿಷಯಕ್ಕೆ ಬಾಡಿಗೆದಾರರ ಜೊತೆ ಜಗಳ ಆಡುವಷ್ಟು ಹುರುಪು ಬಂದಿದೆ. ಇದನ್ನೆಲ್ಲ ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನನ್ನ ಹಾಗೆ ಕೆನ್ನೆ ಹಿಡಿದುಕೊಂಡು ಯಾವುದೋ ಮೆಟ್ಟಿಲು ಹತ್ತುತ್ತಿರುವವರು ಇನ್ನೂ ಇರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ಶ್ರೀಗಂಧದ ಕಾವಲ್. ಅಪ್ಪನ ಕಾಲದಲ್ಲಿ ಹೊಲ ಸೈಟುಗಳಾದವು, ನನ್ನ ಕಾಲದಲ್ಲಿ ಒಂದು ಸೈಟಿನ ಮೇಲೆ ಮೂರು ಅಂತಸ್ತಿನ ಮನೆ ಎದ್ದಿತು. ಕೆಳಗೆ ಬಾಡಿಗೆದಾರರು, ಮೇಲಿನ ಅಂತಸ್ತಿನಲ್ಲಿ ನಾನು, ಹೆಂಡತಿ ಮಂಜುಳಾ, ಕಾಲೇಜಿಗೆ ಹೋಗುವ ಮಗಳು ಸಿಂಧು, ಮತ್ತು ಅವ್ವ. ಅದರ ಮೇಲೆ ಟೆರೇಸು. ನನಗೆ ಬೇರೆ ಕೆಲಸವಿಲ್ಲ. ಮೋಟರ್ ಹಾಕುತ್ತೇನೆ, ಮೆಟ್ಟಿಲಿನ ಬಲ್ಬ್ ಬದಲಿಸುತ್ತೇನೆ, ಬಾಡಿಗೆ ತೆಗೆದುಕೊಳ್ಳುತ್ತೇನೆ. ಎಲ್ಲರೂ "ಓನರ್" ಎನ್ನುತ್ತಾರೆ. ಹೆಸರೂ ಅದೇ, ಉದ್ಯೋಗವೂ ಅದೇ. ಇಂಥವನಿಗೆ ಮನಸ್ಸಿನ ಖಾಯಿಲೆ ಎಂದರೆ ಯಾರು ನಂಬುತ್ತಾರೆ? ನಾನೇ ನಂಬಿರಲಿಲ್ಲ.

ಶುರುವಾದದ್ದು ಬೆಳಗಿನ ಹೊತ್ತು. ಎಚ್ಚರವಾಗುತ್ತಿತ್ತು, ಏಳಲು ಆಗುತ್ತಿರಲಿಲ್ಲ. ಎದೆ ಹಿಡಿದ ಹಾಗೆ, ಹೊಟ್ಟೆಯಲ್ಲಿ ಸಂಕಟ. ಇಸಿಜಿ ಮಾಡಿಸಿದೆ, ರಕ್ತ ಕೊಟ್ಟೆ, ಗಂಟಲಿಗೆ ಪೈಪ್ ಬಿಟ್ಟೂ ನೋಡಿದರು. ಎಲ್ಲ ನಾರ್ಮಲ್. ನಾರ್ಮಲ್ ಎಂದು ಕೇಳಿ ಅಷ್ಟು ನಿರಾಶೆಯಾದ ಮನುಷ್ಯ ಆ ಲ್ಯಾಬಿನಲ್ಲಿ ನಾನೊಬ್ಬನೇ ಇರಬೇಕು. ಏನಾದರೂ ಸಿಕ್ಕಿದ್ದರೆ ಮನೆಯಲ್ಲಿ ತಲೆ ಎತ್ತಿಕೊಂಡು ಮಲಗಬಹುದಿತ್ತು.

"ಏನಾಗದೆ ನಿಂಗೆ? ಉಣ್ಣಕ್ಕಿಲ್ವಾ, ಇರಕ್ಕಿಲ್ವಾ?" ಎಂದು ಅವ್ವ ಕೇಳುತ್ತಿದ್ದಳು. "ನಿಮ್ಮಪ್ಪ ಈ ವಯಸ್ನಲ್ಲಿ ಹೊತ್ತುಟ್ಟೋಕ್ ಮುಂಚೆ ಹೊಲ್ದಾಗಿರ್ತಿದ್ದ ಕಣ್ಲಾ." ಆಮೇಲೆ ಅವಳೇ ಮನಸ್ಸು ತಡೆಯದೆ ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕುತ್ತಿದ್ದಳು. ಮೆಣಸಿನಕಾಯಿ ಘಾಟು ಬರಲಿಲ್ಲವೆಂದರೆ ದೃಷ್ಟಿಯಾಗಿದೆ ಎಂದರ್ಥ. ಘಾಟು ಬಂದರೆ ನನ್ನದು ಬರೀ ಸೋಮಾರಿತನ ಎಂದಾಗುತ್ತದಲ್ಲ ಎಂದು ನಾನು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ.

ಇನ್ನು ಟೆರೇಸಿನ ವಿಷಯ. ದಿನಾ ಬೆಳಿಗ್ಗೆ ಮೇಲೆ ಹೋಗಿ ಟ್ಯಾಂಕ್ ತುಂಬಿದೆಯಾ ಎಂದು ನೋಡುವುದು ನನ್ನ ಅಭ್ಯಾಸ. ಒಂದು ದಿನ ಟ್ಯಾಂಕ್ ನೋಡಲು ಹೋದವನು ಅದರ ಎದುರು ಬದಿಯ ಗೋಡೆಯ ಹತ್ತಿರ ನಿಂತುಬಿಟ್ಟೆ. ಕೆಳಗೆ ನೋಡುತ್ತಿದ್ದೆ. ಸಾಯಬೇಕು ಎಂದು ಗಟ್ಟಿಯಾಗಿ ಅನ್ನಿಸಿತು ಎಂದೂ ಹೇಳಲಾರೆ. ಇಲ್ಲಿಗೆ ಮುಗಿದರೂ ಆದೀತು ಎನ್ನಿಸಿತು, ಅದರಲ್ಲಿ ಭಯವೇ ಇರಲಿಲ್ಲ. ಅಷ್ಟರಲ್ಲಿ ಮಂಜುಳಾ ಒಗೆದ ಬಟ್ಟೆಯ ಬಕೆಟ್ ಹಿಡಿದು ಬಂದಳು.

"ಏನ್ರೀ ಮಾಡ್ತಿದೀರ ಇಲ್ಲಿ?"

"ಟ್ಯಾಂಕ್ ನೋಡ್ತಿದ್ದೆ."

"ಕಾಫಿ ಆರೋಗುತ್ತೆ, ಬನ್ನಿ" ಎಂದಳು. ಬಕೆಟ್ಟನ್ನು ಅಲ್ಲೇ ಬಿಟ್ಟು ನನ್ನ ಹಿಂದೆಯೇ ಇಳಿದಳು.

ಕೆಳಗೆ ಕಾಫಿ ಕುಡಿಯಲು ಕೂತೆ. ಮೇಲೆ ಬರದೆ ಇದ್ದ ಭಯ ಆಗ ಬಂತು, ಬಂದದ್ದು ಹೋಗಲಿಲ್ಲ. ಆ ದಿನದಿಂದ ನನ್ನೊಳಗೆ ಒಂದೇ ಒಂದು ಮಾತು ಕೂತಿತ್ತು: ನನಗೆ ಟೆರೇಸ್ ಹತ್ತಲು ಭಯ. ಇಷ್ಟನ್ನು ಯಾರಾದರೂ ಒಬ್ಬರಿಗೆ ಹೇಳಿದರೆ ಉಳಿಯುತ್ತೇನೆ, ಹೇಳದೆ ಇಟ್ಟುಕೊಂಡರೆ ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಎಂದು ಗೊತ್ತಿತ್ತು. ಆದರೆ ಮೂರು ಅಂತಸ್ತು ಕಟ್ಟಿಸಿದವನು ಅದರ ಮೇಲೆ ಹತ್ತಲು ಹೆದರುತ್ತಾನೆ ಎಂದು ಯಾರಿಗೆ ಹೇಳುವುದು? ಯಾರು ಕೇಳಿದರೂ "ಯಾಕೋ ಬೇಜಾರು" ಎನ್ನುತ್ತಿದ್ದೆ.

ಬೇಜಾರು ಎಂಬುದು ತುಂಬ ಅನುಕೂಲದ ಮಾತು. ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಸಾವಿನ ಮನೆಗೆ ಹೋಗಿ ಬಂದರೂ ಬೇಜಾರು, ನಾದಿನಿ ಗೃಹಪ್ರವೇಶಕ್ಕೆ ಸರಿಯಾಗಿ ಕರೆಯದಿದ್ದರೂ ಬೇಜಾರು. ಬಾಡಿಗೆ ಏರಿಸುವ ಮೊದಲು ನಾನೇ "ಬೇಜಾರ್ ಮಾಡ್ಕೋಬೇಡಿ" ಎಂದು ಶುರು ಮಾಡುತ್ತೇನೆ. ಹೇಳಿದ ಹಾಗೂ ಆಗಬೇಕು, ಹೇಳದ ಹಾಗೂ ಇರಬೇಕು ಎಂದರೆ ಅದಕ್ಕಿಂತ ಒಳ್ಳೆಯ ಪದ ಕನ್ನಡದಲ್ಲಿ ಇಲ್ಲ.

ಮಗಳು ಸಿಂಧು ಫೋನಿನಲ್ಲಿ ಹುಡುಕಿ ರಾಜಾಜಿನಗರದ ಆ ಕೌನ್ಸೆಲರ್‌ನನ್ನು ಗೊತ್ತುಮಾಡಿದಳು. "ಅಪ್ಪಾ, ನಮ್ ಕಾಲೇಜಲ್ಲಿ ಎಲ್ರೂ ಹೋಗ್ತಾರೆ, ನಾರ್ಮಲ್ ಅದು" ಎಂದಳು. ನಾರ್ಮಲ್ ಎಂಬ ಪದ ನನ್ನ ಬೆನ್ನು ಬಿಡಲಿಲ್ಲ. ಕಾಯುವ ಕೋಣೆಯಲ್ಲಿ ಏಸಿ, ದೊಡ್ಡ ಎಲೆಯ ಗಿಡ, ಒಬ್ಬರನ್ನೊಬ್ಬರು ನೋಡದೆ ಕೂತ ಗಂಡ ಹೆಂಡತಿ. ನಾನು ಮೂಲೆಯ ಕುರ್ಚಿಯಲ್ಲಿ ಕೂತೆ. ರಿಸೆಪ್ಷನ್ ಹುಡುಗಿ ಸ್ವಲ್ಪ ಹೊತ್ತು ನೋಡಿ, "ಸಾರ್, ಹೆಲ್ಮೆಟ್ ತೆಗೀಬಹುದು" ಎಂದಳು. ಬ್ರೋಕರ್ ಇಳಿದುಹೋದ ಮೇಲೆ ಹಾಕಿಕೊಂಡಿದ್ದೆ.

ಒಳಗಿದ್ದ ಹುಡುಗ ಒಳ್ಳೆಯವನು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಅವನಿಗೆ ಅಡುಗೆಮನೆಯವರೆಗಿನ ಭಾಷೆ ಎಂದು ಕಾಣುತ್ತದೆ.

"ಹೇಳಿ ಸಾರ್, ಹೇಗ್ ಫೀಲ್ ಆಗ್ತಿದೆ?"

"ಬೇಜಾರು."

"ಓಕೆ. ಬೋರ್ ಆಗ್ತಿದೆ. ಯಾವಾಗಿಂದ?"

ಇಲ್ಲಪ್ಪಾ, ಬೋರ್ ಅಲ್ಲ ಎನ್ನಬೇಕಿತ್ತು. ಆದರೆ ಅಷ್ಟು ಓದಿರುವವರು ಒಂದು ಮಾತು ಆಡಿದ ಮೇಲೆ ಅದನ್ನು ತಿದ್ದುವುದು ಹೇಗೆ? ನಾನು ಹೂಂ ಎಂದೆ. ಅಲ್ಲಿಂದ ಮುಂದೆ ಅವನು ಬೋರಿಗೆ ಔಷಧ ಹುಡುಕತೊಡಗಿದ. ಹಾಬಿ ಏನಿದೆ, ಫ್ರೆಂಡ್ಸ್ ಸಿಗುತ್ತಾರಾ, ವಾಕಿಂಗ್ ಹೋಗುತ್ತೀರಾ. ನಾನು ಎಲ್ಲಕ್ಕೂ ತಲೆ ಆಡಿಸಿದೆ. ಕೊನೆಗೆ ಅವನ ಮುಖ ಅರಳಿತು.

"ಸಾರ್, ಓನ್ ಹೌಸ್ ಅಂದ್ರಿ ಅಲ್ವಾ? ಟೆರೇಸ್ ಇದೆಯಾ?"

"ಇದೆ" ಎಂದೆ.

"ಸೂಪರ್. ಟೆರೇಸ್ ಗಾರ್ಡನ್ ಮಾಡಿ ಸಾರ್. ಟೊಮ್ಯಾಟೊ, ಕೊತ್ತಂಬರಿ, ಏನಾದ್ರೂ. ಡೈಲಿ ಬೆಳಿಗ್ಗೆ ಒಬ್ರೇ ಅಲ್ಲಿ ಟೈಮ್ ಸ್ಪೆಂಡ್ ಮಾಡಿ. ನೀವೇ ಡಿಫರೆನ್ಸ್ ನೋಡ್ತೀರ."

ಅವನ ತಪ್ಪೇನಿಲ್ಲ. ನಾನು ಕೊಟ್ಟ ಪದಕ್ಕೆ ಅವನು ಔಷಧ ಕೊಟ್ಟ. ಎದ್ದು ನಿಂತು ಕೈ ಮುಗಿದು, ತುಂಬ ಉಪಕಾರವಾಯಿತು ಎಂದು ಹೇಳಿ ಕೆನ್ನೆ ಹಿಡಿದುಕೊಂಡು ಮೆಟ್ಟಿಲಿಳಿದೆ.

ಮನೆಯಲ್ಲಿ ಮಂಜುಳಾ ಸೊಪ್ಪು ಬಿಡಿಸುತ್ತಿದ್ದಳು. "ಏನಂದ್ರು?" ಎಂದಳು.

"ಟೆರೇಸ್ ಮೇಲೆ ತೋಟ ಮಾಡ್ಬೇಕಂತೆ. ದಿನಾ ಬೆಳಿಗ್ಗೆ ಒಬ್ಬನೇ ಅಲ್ಲಿರ್ಬೇಕಂತೆ" ಎಂದು ನಕ್ಕೆ. ಅವಳು ನಗಲಿಲ್ಲ. ಸೊಪ್ಪಿನ ಕಡ್ಡಿಗಳನ್ನು ಗುಡ್ಡೆ ಮಾಡಿ ಎದ್ದು ಒಳಗೆ ಹೋದಳು.

ಅದೇ ವಾರ ಟೆರೇಸಿನ ಬಾಗಿಲ ಬೀಗದ ಕೈ ಕಳೆದುಹೋಯಿತು. ಅದು ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು. ಒಂದು ಬೆಳಿಗ್ಗೆ ಮೊಳೆ ಖಾಲಿ. ಕೆಳಗಿನ ಮನೆಯ ರೇಖಾ ಮೇಡಂ, ಖಾಸಗಿ ಶಾಲೆಯೊಂದರಲ್ಲಿ ಟೀಚರು, ಬಟ್ಟೆ ಒಣಗಿಸಬೇಕೆಂದು ಮೇಲೆ ಬಂದು ಬಾಗಿಲ ಹತ್ತಿರ ನಿಂತಿದ್ದರು. ಅವರ ಎದುರಿಗೇ ನಾನು ಮಂಜುಳಾಳ ಮೇಲೆ ಹಾರಾಡಿದೆ. "ಒಂದು ಕೀ ಜೋಪಾನ ಮಾಡಕ್ಕಾಗಲ್ವಾ ನಿಂಗೆ? ಮನೇಲಿ ಕೂತು ಏನ್ ಮಾಡ್ತೀಯ?" ಎಂದೆ. ಮನೆಯಲ್ಲಿ ಕೂತು ನಾನೂ ಏನೂ ಮಾಡುತ್ತಿರಲಿಲ್ಲ. ಮಂಜುಳಾ ತಲೆ ತಗ್ಗಿಸಿ, "ಎಲ್ಲೋ ಇಟ್ಟು ಮರ್ತೆ ಕಣ್ರೀ, ಸಿಗುತ್ತೆ" ಎಂದಳು. ನನಗೆ ಒಳಗೊಳಗೇ ಹಾಯೆನಿಸಿತ್ತು, ಅದನ್ನು ಮುಚ್ಚಿಕೊಳ್ಳಲು ದನಿ ಇನ್ನೂ ಏರಿಸಿದೆ.

ಬೀಗ ಒಡೆಸೋಣ ಎಂದು ಒಂದು ಸಲ ಅಂದೆ. "ಒಳ್ಳೆ ಬೀಗ, ಸುಮ್ನೆ ಯಾಕೆ ಹಾಳು ಮಾಡೋದು" ಎಂದಳು. ನಾನು ಒತ್ತಾಯ ಮಾಡಲಿಲ್ಲ. ಅವಳೇ ಮನೆಯ ಪಕ್ಕದ ಓಣಿಯಲ್ಲಿ ಬಾಡಿಗೆದಾರರಿಗೆ ಹಗ್ಗ ಕಟ್ಟಿಸಿಕೊಟ್ಟಳು. ನಾನು ಮಲಗಿದ್ದ ಒಂದು ಮಧ್ಯಾಹ್ನ ಪ್ಲಂಬರನ್ನು ಕರೆಸಿ, ಟ್ಯಾಂಕ್ ತುಂಬಿದರೆ ಮೋಟರ್ ತಾನೇ ನಿಲ್ಲುವ ಹಾಗೆ ಸ್ವಿಚ್ ಹಾಕಿಸಿದಳು. ಆ ಬೇಸಿಗೆ ನಮ್ಮ ಮನೆಯಲ್ಲಿ ಸಂಡಿಗೆ ಇಡಲಿಲ್ಲ. ಬಿಸಿಲು ಬೀಳುವ ಜಾಗ ಬೇರೆ ಇರಲಿಲ್ಲ. ಅವ್ವ ಊಟಕ್ಕೆ ಕೂತಾಗಲೆಲ್ಲ ಸೊಸೆಯ ಮರೆವಿನ ಮಾತು ತೆಗೆಯುತ್ತಿದ್ದಳು, ಮಂಜುಳಾ ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಎರಡನೆಯ ಕೌನ್ಸೆಲರನ್ನು ಗೊತ್ತುಮಾಡಿದ್ದು ವಿಜಯನಗರದ ನಮ್ಮ ಭಾವ, ಅಕ್ಕನ ಗಂಡ. "ಇಂಗ್ಲಿಷ್ ಹುಡುಗ್ರ ಹತ್ರ ನಿಂಗೇನ್ ಕೆಲಸ? ನಮ್ಮೋರೇ ಒಬ್ರಿದಾರೆ, ದೊಡ್ಡೋರು" ಎಂದರು. ನಿವೃತ್ತರು, ಮನೆಯಲ್ಲೇ ಜನರನ್ನು ನೋಡುತ್ತಿದ್ದರು. ಕಾಯುವ ಕೋಣೆ ಎಂದರೆ ಅವರ ಹಜಾರ; ಅವರ ಮನೆಯವರು ಕಾಫಿ ತಂದುಕೊಟ್ಟರು. ಹಿರಿಯರು ಬಂದು ಕೂತು ಕೇಳಿದ ಮೊದಲ ಪ್ರಶ್ನೆ, "ಯಾವೂರಪ್ಪ ನಿಮ್ದು? ಯಾರ್ ಮಗ?"

ಹೇಳಿದೆ. ನಮ್ಮ ತಾತನ ಹೆಸರು ಅವರಿಗೆ ಗೊತ್ತಿತ್ತು. ಮಾಗಡಿ ಕಡೆಯ ಯಾವುದೋ ಸಂಬಂಧವೂ ಸಿಕ್ಕಿತು. ಅರ್ಧ ಹೊತ್ತು ಅದರಲ್ಲೇ ಕಳೆಯಿತು, ನಿಜ ಹೇಳಬೇಕೆಂದರೆ ಹಿತವಾಗಿಯೇ ಇತ್ತು. ಆಮೇಲೆ ಅವರು, "ಹೇಳಪ್ಪ, ಏನ್ ಕಷ್ಟ?" ಎಂದರು.

"ಯಾಕೋ ಬೇಜಾರು ಸಾರ್. ಬೆಳಿಗ್ಗೆ..."

"ಗೊತ್ತಾಯ್ತು ಬಿಡು" ಎಂದು ಕೈ ಎತ್ತಿದರು. "ಭೂಮಿ. ಹೊಲ ಹೋಯ್ತಲ್ಲ, ಅದರ ದುಃಖ ಇದು. ರೈತನ್ ಮಗನ ಕೈಗೆ ಕೆಲಸ ಇಲ್ದಂಗಾಯ್ತು. ನಂಗೆ ನೀನ್ ಹೇಳೋದೇ ಬೇಡ."

ಹೊಲ ಮಾರಿದಾಗ ನನಗೆ ಖುಷಿಯಾಗಿತ್ತು. ರಾಗಿ ಕಳೆ ಕೀಳುವುದು ಎಂದರೆ ನನಗೆ ಜ್ವರ ಬರುತ್ತಿತ್ತು. ಆದರೆ ತಾತನನ್ನು ಬಲ್ಲವರು, ಕಾಫಿ ಕೊಟ್ಟವರು, ನನ್ನ ದುಃಖವನ್ನು ಅಷ್ಟು ಪ್ರೀತಿಯಿಂದ ಕಂಡುಹಿಡಿದಿದ್ದರು. ಅದಲ್ಲ ಎನ್ನಲು ಬಾಯಿ ಬರಲಿಲ್ಲ. ನನ್ನದಲ್ಲದ ದುಃಖಕ್ಕೆ ಅವರ ಹಜಾರದಲ್ಲಿ ಕೂತು ನಾನು ಸ್ವಲ್ಪ ಅತ್ತೆ ಕೂಡ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ.

ಹೋಗುತ್ತಲೇ ಇದ್ದೆ. ಅವರು ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ. ಅವರಿಗೆ ಬೇಜಾರಾಗಬಾರದು ಎಂದು ಪ್ರತಿಸಲ ಹೋದ ಸಲಕ್ಕಿಂತ ಸ್ವಲ್ಪ ವಾಸಿ ಎನ್ನುತ್ತಿದ್ದೆ. ಹಾಗೆ ಸ್ವಲ್ಪ ಸ್ವಲ್ಪವೇ ವಾಸಿಯಾಗುತ್ತಾ ಹೋಗಿ, ಒಂದು ದಿನ ಪೂರ್ತಿ ಗುಣವಾಗುವುದು ಅನಿವಾರ್ಯವಾಯಿತು. ಹಣ್ಣು, ಮೈಸೂರು ಪಾಕು ತೆಗೆದುಕೊಂಡು ಹೋಗಿ ಕಾಲಿಗೆ ನಮಸ್ಕಾರ ಮಾಡಿ ಬಂದೆ. ಅವರು ಸಂತೋಷ ತಡೆಯಲಾರದೆ ಭಾವನಿಗೆ ಫೋನ್ ಮಾಡಿ, "ನಿಮ್ ಬಾಮೈದ ಗುಣ ಆದ" ಎಂದರಂತೆ. ಭಾವ ಅಕ್ಕನಿಗೆ, ಅಕ್ಕ ಅವ್ವನಿಗೆ. ಅವ್ವ ಪಾಯಸ ಮಾಡಿಸಿದಳು.

ಅಲ್ಲಿಗೆ ನನಗೆ ಖಾಯಿಲೆ ಬೀಳಲು ಜಾಗವೇ ಇಲ್ಲವಾಯಿತು. ಮೊದಲಾದರೆ ಮಲಗಿದ್ದರೆ ಪಾಪ ಎನ್ನುತ್ತಿದ್ದರು, ಈಗ ಮಲಗಿದರೆ ಮತ್ತೇನು ಎನ್ನುತ್ತಿದ್ದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕಿಕೊಂಡು, ಸ್ಕೂಟರ್ ತೆಗೆದುಕೊಂಡು ಹೋಗಿ ಯಾವುದಾದರೂ ಪಾರ್ಕಿನಲ್ಲಿ ಕೂತು ಬರುತ್ತಿದ್ದೆ. ಮಂಜುಳಾ ಮಾತ್ರ ಪಾಯಸ ಬಡಿಸಿದ ದಿನವೂ ನನ್ನ ಮುಖ ನೋಡುತ್ತಿದ್ದಳು. ಬೀಗದ ಕೈ ಸಿಕ್ಕಿರಲಿಲ್ಲ.

ಬ್ಯಾಡರಹಳ್ಳಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಪೂಜೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮನೆಯ ಯಜಮಾನ ನನ್ನ ಕೈ ಹಿಡಿದ. "ಬಾ ಗುರು, ಟೆರೇಸ್ ನೋಡು ಬಾ. ಮೇಲಿಂದ ವ್ಯೂ ಹೆಂಗಿದೆ ಗೊತ್ತಾ." ಎಲ್ಲರೂ ನಗುತ್ತಾ ಹತ್ತತೊಡಗಿದರು. ಎರಡನೇ ತಿರುವಿನವರೆಗೆ ಹತ್ತಿದೆ, ಆಮೇಲೆ ಕಾಲು ಏಳಲಿಲ್ಲ. ಕೈ ಬಿಡಿಸಿಕೊಂಡು, ಬರುವವರನ್ನೆಲ್ಲ ತಳ್ಳಿಕೊಂಡು ಕೆಳಗೆ ಇಳಿದುಬಿಟ್ಟೆ. ರಸ್ತೆಯಲ್ಲಿ ಸ್ಕೂಟರ್ ಮೇಲೆ ಕೂತರೆ ಕೀಲಿ ತೂರಿಸಲೂ ಆಗಲಿಲ್ಲ. ಹಿಂದಿನಿಂದ ಮಂಜುಳಾ ಬಂದು, ಊಟವಿಲ್ಲದೆ ಬಂದದ್ದಕ್ಕೆ ಏನೂ ಅನ್ನದೆ, ಆಟೋ ಕರೆದಳು.

ಮರುದಿನ ನಾನೇ ಹುಡುಕಿದೆ. ಒಂದೇ ಷರತ್ತು, ಅಲ್ಲಿ ಪರಿಚಯದವರು ಇರಬಾರದು. ಕೆಂಗೇರಿ ಉಪನಗರದಲ್ಲಿ ಒಂದು ಮನೋವೈದ್ಯರ ಕ್ಲಿನಿಕ್ ಸಿಕ್ಕಿತು. ಮನೆಯಲ್ಲೂ ಹಲ್ಲುನೋವು ಎಂದೇ ಹೇಳಿ ಹೋದೆ. ಕೆಳಗೆ ಬೇಕರಿ, ಮೇಲೆ ಕ್ಲಿನಿಕ್. ಡಾಕ್ಟರು ಮಾತ್ರೆ ಬರೆದರು. ಅದರ ಜೊತೆ ಯಾರ ಹತ್ತಿರವಾದರೂ ಕೂತು ಮಾತಾಡಬೇಕು, ಇಲ್ಲೇ ಇಬ್ಬರು ಥೆರಪಿಸ್ಟ್ ಇದ್ದಾರೆ ಎಂದರು.

"ಮಾತಾಡಿದೀನಿ ಸಾರ್. ಇಬ್ರ ಹತ್ರ. ಒಬ್ರ ಹತ್ರ ಗುಣಾನೂ ಆಗಿದೀನಿ."

ಡಾಕ್ಟರು ನಕ್ಕರು. "ನೀವು ಚಪ್ಪಲಿ ಅಂಗಡೀಲಿ ಮೊದಲನೇ ಜೊತೆನೇ ತಗೊಂಡ್ ಬರ್ತೀರಾ? ಕಚ್ಚಿದ್ರೆ ಇನ್ನೊಂದು ತೋರ್ಸಿ ಅಂತೀರ ತಾನೆ?"

ನಾನು ಅನ್ನುವುದಿಲ್ಲ. ಅಂಗಡಿಯವನು ಅಷ್ಟು ಪೆಟ್ಟಿಗೆ ಇಳಿಸಿದ್ದಾನೆ ಎಂದು, ಕಚ್ಚುವ ಚಪ್ಪಲಿಯನ್ನೇ ಚೆನ್ನಾಗಿದೆ ಎಂದು ಹೇಳಿ ತರುವವನು ನಾನು. ಆ ಜೊತೆಗಳು ಇನ್ನೂ ನಮ್ಮ ಮಂಚದ ಕೆಳಗೆ ಇವೆ. ಇದನ್ನು ಡಾಕ್ಟರಿಗೆ ಹೇಳಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ಹೆಂಗಸು ಸೆರಗನ್ನು ಕಿವಿಯವರೆಗೆ ಎಳೆದುಕೊಂಡು ಗೋಡೆಯ ಕಡೆ ನೋಡುತ್ತಿದ್ದರು. ಅವರ ಕೈಚೀಲ ನೋಡಿ ಗುರುತು ಸಿಕ್ಕಿತು. ನಮ್ಮ ರೇಖಾ ಮೇಡಂ. ಅವರೂ ನೋಡಿದರು. ಇಬ್ಬರಿಗೂ ಓಡಲು ದಾರಿ ಇರಲಿಲ್ಲ. ನನ್ನ ಕೈ ಕೆನ್ನೆಗೆ ಹೋಯಿತು.

"ಹಲ್ಲುನೋವಾ ಓನರ್?" ಎಂದರು ಮೆಲ್ಲಗೆ.

"ಹೂಂ ಮೇಡಂ."

ಆ ಕಟ್ಟಡದಲ್ಲಿ ಹಲ್ಲಿನ ಡಾಕ್ಟರು ಇರಲಿಲ್ಲ. ಅವರು ಸೆರಗು ಸರಿಮಾಡಿಕೊಂಡು, "ನಂಗೂ" ಎಂದರು. ಇಬ್ಬರೂ ಮುಂದೆ ನೋಡಿಕೊಂಡು ಕೂತೆವು. ಅವರನ್ನು ಕರೆದಾಗ ಎದ್ದು, ನನ್ನ ಕಡೆ ತಿರುಗದೆಯೇ, "ನಸೀಮಾ ಮೇಡಂ ಹತ್ರ ತೋರ್ಸಿ ಓನರ್. ಅವ್ರು ಬೇಗ ಕೀಳಲ್ಲ" ಎಂದು ಹೋದರು. ಆ ವರ್ಷ ನನಗೆ ಸಿಕ್ಕ ಮೊದಲ ನಿಜವಾದ ನಗು ಅದು.

ಥೆರಪಿಸ್ಟ್ ನಸೀಮಾ ಮೇಡಂ ಅವರನ್ನು ನೋಡಿದಾಗ ನಗು ಹೋಯಿತು. ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ತಪ್ಪು ಹುಡುಕಿದೆ. ವಯಸ್ಸಿನಲ್ಲಿ ಚಿಕ್ಕವರು, ಹೆಂಗಸು, ನಮ್ಮವರೂ ಅಲ್ಲ. ತಾತನ ಹೆಸರು ಹೇಳಿದರೆ ಇವರಿಗೆ ಏನು ಗೊತ್ತಾಗುತ್ತದೆ? ಅಷ್ಟು ದೂರ ಹೋಗಿ ಇಂಥ ಲೆಕ್ಕ ಹಾಕಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಕಿದ್ದು ನಿಜ. ಕೋಣೆ ಚಿಕ್ಕದು. ಫ್ಯಾನ್ ಕಿರುಗುಡುತ್ತಿತ್ತು, ಕೆಳಗಿನಿಂದ ಬನ್ನಿನ ವಾಸನೆ ಬರುತ್ತಿತ್ತು.

ಏನಾಗುತ್ತಿದೆ ಎಂದು ಕೇಳಿದರು. ನಾನು ನನ್ನ ಪದವನ್ನು ತೆಗೆದು ಮುಂದಿಟ್ಟೆ. "ಬೇಜಾರು."

"ಯಾವ ಬೇಜಾರು ಸಾರ್?"

ನಾನು ಬೆಪ್ಪಾಗಿ ನೋಡಿದೆ. ಯಾರೂ ಹಾಗೆ ಕೇಳಿರಲಿಲ್ಲ.

"ತಪ್ಪು ತಿಳ್ಕೋಬೇಡಿ. ನಮ್ಮ ಮನೇಲಿ ಮಾತಾಡೋದು ಉರ್ದು" ಎಂದರು. "ಕನ್ನಡದೋರು ಬೇಜಾರು ಅಂದ್ರೆ ಒಂದೊಂದ್ ಸಲ ಒಂದೊಂದ್ ಅರ್ಥ ಇರುತ್ತೆ, ನಂಗೆ ಕನ್ಫ್ಯೂಸ್ ಆಗುತ್ತೆ. ಅದಕ್ಕೇ ಕೇಳ್ಬಿಡ್ತೀನಿ. ನಮ್ಮಲ್ಲಿ ಬೇಜಾರ್ ಅಂದ್ರೆ ಒಂದೇ. ಯಾವ್ದೋ ಒಂದು ಸಾಕಾಗ್ ಹೋಗಿದೆ, ಇನ್ನು ಬೇಡ ಅಂತ. ನಮ್ಮಜ್ಜಿ ಮಂಡಿ ನೋವಿಂದ ಬೇಜಾರ್, ಅಂತಿದ್ರು. ನಿಮ್ದು ಅದಾ? ಅದಾದ್ರೆ, ಏನು ಸಾಕಾಗಿದೆ?"

ಫ್ಯಾನು ಕಿರುಗುಡುತ್ತಿತ್ತು. ಅವರು ಉತ್ತರ ಸೂಚಿಸಲಿಲ್ಲ, ಗೊತ್ತಾಯಿತು ಎನ್ನಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕಾಯುತ್ತಾ ಕೂತರು. ಅಷ್ಟು ವರ್ಷ ಬಾಯಲ್ಲಿ ಆಡಿಸಿದ ಪದ ನನ್ನ ಮನೆಯದೇ ಎಂದುಕೊಂಡಿದ್ದೆ. ಅದರ ತವರುಮನೆಯವರು ಬಂದು, ಇದು ಹೀಗಲ್ಲವಾ ಎಂದು ಕೇಳಿದ ಹಾಗಾಯಿತು.

"ಎಲ್ಲಾನೂ" ಎಂದೆ. "ಮೇಡಂ, ನಂಗೆ ನಮ್ಮನೆ ಟೆರೇಸ್ ಹತ್ತೋಕೆ ಭಯ."

ಹೇಳಿಬಿಟ್ಟಿದ್ದೆ. ತಲೆ ಎತ್ತಲಾಗಲಿಲ್ಲ. ಅವರು ಗಾಬರಿಯಾಗಲಿಲ್ಲ, ದೇವರೇ ಎನ್ನಲಿಲ್ಲ. "ಸಾಯ್ಬೇಕು ಅನ್ಸುತ್ತಾ ಸಾರ್?" ಎಂದು ನೇರವಾಗಿ ಕೇಳಿದರು, ಊಟ ಆಯಿತಾ ಎಂದು ಕೇಳುವ ದನಿಯಲ್ಲೇ. ನಾನು ಅತ್ತೆ. ಈ ಸಲ ಹೊಲಕ್ಕಲ್ಲ.

ಅಲ್ಲಿಂದ ಎಲ್ಲ ಸಲೀಸಾಯಿತು ಎಂದುಕೊಳ್ಳಬೇಡಿ. ಒಂದು ಸಲ ನಾನು ಮಾತಾಡುವಾಗ ಅವರ ಫೋನು ಮೇಜಿನ ಮೇಲೆ ಮಿನುಗಿತು, ಅವರ ಕಣ್ಣು ಅತ್ತ ಹೋಯಿತು. ನನಗೆ ಉರಿದುಹೋಯಿತು. ಹಳೆಯ ಶಿವರಾಮನಾದರೆ ಹಲ್ಲು ಕಿರಿದು, ಎರಡು ವಾರದಲ್ಲಿ ಗುಣವಾಗಿ, ಮೈಸೂರು ಪಾಕು ಕೊಟ್ಟು ಬರುತ್ತಿದ್ದ. "ಬೇಜಾರ್ ಮಾಡ್ಕೋಬೇಡಿ ಮೇಡಂ, ಫೋನ್ ಕಂಡ್ರೆ ನಂಗೆ ಮಾತು ಬರಲ್ಲ" ಎಂದೆ. ಹೇಳುವಾಗ ಬೆವರು ಬಂದಿತ್ತು. ಅವರು ಸಾರಿ ಎಂದು ಫೋನನ್ನು ಡ್ರಾಯರಿಗೆ ಹಾಕಿದರು. ಅಷ್ಟೇ. ಆಕಾಶ ಬೀಳಲಿಲ್ಲ. ನನಗೆ ಹೊಂದುವ ಥೆರಪಿಸ್ಟ್ ಎಂದರೆ ಯಾರು ಎಂದು ಆ ದಿನ ತಿಳಿಯಿತು: ಕಚ್ಚುತ್ತಿದೆ ಎಂದು ಯಾರಿಗೆ ಹೇಳಬಲ್ಲೆನೋ ಅವರು.

ಮೊದಲ ದಿನವೇ ಅವರು ಕೇಳಿದ್ದರು, "ಮನೇಲಿ ಇದು ಯಾರಿಗ್ ಗೊತ್ತು?" ಯಾರಿಗೂ ಗೊತ್ತಿಲ್ಲ ಎಂದಿದ್ದೆ. "ಒಬ್ರಿಗಾದ್ರೂ ಗೊತ್ತಿರ್ಬೇಕು ಸಾರ್. ಇವತ್ತೇ. ನೀವು ಹೇಳ್ತೀರಾ, ಇಲ್ಲಾ ಅವ್ರನ್ನ ಕರ್ಸಿ ಇಬ್ರೂ ಸೇರಿ ಹೇಳೋಣ್ವಾ?" ನಾನೇ ಹೇಳುತ್ತೇನೆ ಎಂದು ಮಾತು ಕೊಟ್ಟು ಹೊರಟೆ. ಉಲ್ಲಾಳದ ರಸ್ತೆಯುದ್ದಕ್ಕೂ ವಾಕ್ಯ ಜೋಡಿಸಿದೆ. ಅವಳು ಬೆಚ್ಚಿಬೀಳುತ್ತಾಳೆ, ಅಳುತ್ತಾಳೆ, ಮಗಳ ಹೆಸರು ಹೇಳಿ ಬೈಯುತ್ತಾಳೆ ಎಂದುಕೊಂಡು ಎಲ್ಲದಕ್ಕೂ ಉತ್ತರ ಸಿದ್ಧಮಾಡಿಕೊಂಡೆ.

ಅವರೆಕಾಯಿಯ ಕಾಲ. ಮಂಜುಳಾ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಹಿದುಕುತ್ತಾ ಕೂತಿದ್ದಳು. ಮಧ್ಯಾಹ್ನದ ಬಿಸಿಲು ಖಾಲಿ ಮೊಳೆಯ ಮೇಲೆ ಬಿದ್ದಿತ್ತು. ಅವ್ವ ಹಜಾರದಲ್ಲಿ ಟಿವಿ ನೋಡುತ್ತಿದ್ದಳು. ನಾನು ಹೋಗಿ ಎದುರಿಗೆ ಕೂತು ನಾಲ್ಕು ಕಾಳು ತೆಗೆದುಕೊಂಡು ಹಿದುಕತೊಡಗಿದೆ.

"ಹಲ್ಲು ಹೇಗಿದೆ?" ಎಂದಳು.

"ಹಲ್ಲು ಚೆನ್ನಾಗಿದೆ. ಮಂಜು, ನಿಂಗೊಂದು ಹೇಳ್ಬೇಕು." ದಾರಿಯಲ್ಲಿ ಜೋಡಿಸಿದ್ದೆಲ್ಲ ಮರೆತುಹೋಗಿತ್ತು. "ನಂಗೆ ಟೆರೇಸ್ ಮೇಲೆ ಹೋಗೋಕೆ ಭಯ. ಏನಾದ್ರೂ ಮಾಡ್ಕೋತೀನೇನೋ ಅಂತ."

ಅವಳ ಬೆರಳು ನಿಲ್ಲಲಿಲ್ಲ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಲೇ ಇತ್ತು.

"ಗೊತ್ತು" ಎಂದಳು.

"ಏನ್ ಗೊತ್ತು?"

"ಆವತ್ತು ಟ್ಯಾಂಕ್ ಆ ಕಡೆ ಇತ್ತು. ನೀವು ಈ ಕಡೆ ನೋಡ್ತಿದ್ರಿ."

ನನ್ನ ಕೈಯಲ್ಲಿದ್ದ ಕಾಳು ಜಾರಿತು. ಬೀಗದ ಕೈ ಇಲ್ಲದೆ ಪ್ಲಂಬರು ಟ್ಯಾಂಕಿನ ಹತ್ತಿರ ಹೇಗೆ ಹೋದ ಎಂಬ ಪ್ರಶ್ನೆ ನನಗೆ ಆಗ, ಅಷ್ಟು ತಿಂಗಳ ಮೇಲೆ, ಹೊಳೆಯಿತು. ಬಾಡಿಗೆದಾರರ ಎದುರು ನಾನು ಆಡಿದ ಮಾತು, ಅವ್ವನ ಊಟದ ಹೊತ್ತಿನ ಮಾತು, ಇಡದೆ ಬಿಟ್ಟ ಸಂಡಿಗೆ, ಎಲ್ಲವೂ ಒಟ್ಟಿಗೆ ನೆನಪಿಗೆ ಬಂತು. ಯಾರಿಗೂ ಗೊತ್ತಾಗಬಾರದೆಂದು ನಾನು ಊರೂರು ಸುತ್ತಿದ್ದೆ; ಅವಳು ತನ್ನನ್ನು ಮರೆಗುಳಿ ಎನ್ನಿಸಿಕೊಂಡು ಮನೆಯಲ್ಲೇ ಕಾವಲು ಕೂತಿದ್ದಳು. ಆ ವರ್ಷ ನಾನು ಪಟ್ಟ ನಾಚಿಕೆಗಳಲ್ಲಿ ಪಡಲೇಬೇಕಾಗಿದ್ದದ್ದು ಅದೊಂದೇ.

"ಕೀ ನಿನ್ನ ಹತ್ರ ಇದೆಯಾ?" ಎಂದೆ.

ಅವಳು ಮೊದಲ ಸಲ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಬೇಜಾರ್ ಮಾಡ್ಕೋಬೇಡಿ" ಎಂದಳು. "ಅದು ಇನ್ನೂ ಸ್ವಲ್ಪ ದಿನ ಕಳೆದೇ ಹೋಗಿರ್ಲಿ."

ನಾನು ಪಾತ್ರೆಯಿಂದ ಇನ್ನೊಂದು ಹಿಡಿ ಅವರೆಕಾಳು ತೆಗೆದುಕೊಂಡೆ.